ಅಪ್ಪ-ಅಮ್ಮ, ಮಕ್ಕಳ ಜೊತೆ ಅಲಾಸ್ಕಾ ಕ್ರೂಸ್: ಯಾವ ತಿಂಗಳು, ಯಾವ ದಾರಿ?

ಬೆಲ್ವ್ಯೂ ಮೈಸೂರಿಗ

ಎಲ್ಲರಿಗೂ ನಮಸ್ಕಾರ. ಬರುವ ಬೇಸಿಗೆಯಲ್ಲಿ ಮನೆಯವರೆಲ್ಲ ಸೇರಿ ಅಲಾಸ್ಕಾ ಕ್ರೂಸ್‌ಗೆ ಹೋಗಬೇಕು ಅಂತ ಇದ್ದೇವೆ. ಒಟ್ಟು ಆರು ಜನ. ಅಪ್ಪನಿಗೆ 72, ಅಮ್ಮನಿಗೆ 68. ನಾವಿಬ್ಬರು, ಮಗಳು 11, ಮಗ 6. ಅಪ್ಪ-ಅಮ್ಮ ಮೇ ತಿಂಗಳಲ್ಲಿ ಮೈಸೂರಿನಿಂದ ಬರುತ್ತಾರೆ, ಅಕ್ಟೋಬರ್‌ವರೆಗೆ ನಮ್ಮ ಜೊತೆ ಇರುತ್ತಾರೆ. ಮಕ್ಕಳಿಗೆ ಶಾಲೆ ಮುಗಿಯೋದು ಜೂನ್ ಮೂರನೇ ವಾರ.

ಹಡಗಿನ ಕ್ಯಾಸಿನೊ, ಡ್ಯಾನ್ಸು, ಶೋ ಇದಾವುದೂ ನಮಗೆ ಮುಖ್ಯ ಅಲ್ಲ. ಮಗಳಿಗೆ ತಿಮಿಂಗಿಲ ಅಂದರೆ ಪ್ರಾಣ. ಅಪ್ಪನಿಗೆ ಹಿಮನದಿ ನೋಡಬೇಕು. ಅಮ್ಮನಿಗೆ ಮಂಡಿನೋವು, ಜಾಸ್ತಿ ನಡೆಯಲು ಆಗಲ್ಲ. ಇಬ್ಬರೂ ಶುದ್ಧ ಸಸ್ಯಾಹಾರಿಗಳು, ಮೊಟ್ಟೆಯೂ ಇಲ್ಲ.

ಸಿಯಾಟಲ್ ಬಂದರು ನಮ್ಮ ಮನೆಯಿಂದ ಅರ್ಧ ಗಂಟೆ. ಹಾಗಾಗಿ ಅಲ್ಲಿಂದಲೇ ಹೊರಡುವ ಹಡಗು ಹಿಡಿಯೋಣ ಅನಿಸುತ್ತಿದೆ. ನಾವಿಬ್ಬರು ಎಚ್-1ಬಿ (ಕೆಲಸದ ವೀಸಾ) ಮತ್ತು ಎಚ್-4 (ಅವಲಂಬಿತರ ವೀಸಾ), ಮಕ್ಕಳು ಅಮೆರಿಕದ ಪ್ರಜೆಗಳು, ಅಪ್ಪ-ಅಮ್ಮನಿಗೆ ಹತ್ತು ವರ್ಷದ ವಿಸಿಟರ್ ವೀಸಾ ಇದೆ. ಹೋಗಿ ಬಂದವರು ದಯವಿಟ್ಟು ಹೇಳಿ: ಯಾವ ತಿಂಗಳು ಒಳ್ಳೆಯದು? ಯಾವ ದಾರಿ? ಪ್ರಾಣಿಗಳು ನಿಜವಾಗಿ ಕಾಣಿಸುತ್ತವಾ?

ಉತ್ತರ ದಿಕ್ಕು (ಬರ್ನಬಿ)

ತಿಂಗಳು, ದಾರಿ ಆಮೇಲೆ ನೋಡೋಣ. ಮೊದಲು ವೀಸಾ. ನಿಮ್ಮ ಮನೆಯಲ್ಲಿ ನಾಲ್ಕು ಜನ ಭಾರತದ ಪಾಸ್‌ಪೋರ್ಟ್‌ನವರು. ಆ ನಾಲ್ವರಿಗೂ ಕೆನಡಾ ವಿಸಿಟರ್ ವೀಸಾ ಬೇಕು. ಸಿಯಾಟಲ್‌ನಲ್ಲಿ ಹತ್ತಿ ಸಿಯಾಟಲ್‌ನಲ್ಲೇ ಇಳಿದರೂ ಬೇಕು.

ಕಾರಣ 1886ರ ಒಂದು ಅಮೆರಿಕನ್ ಕಾನೂನು. ಬೇರೆ ದೇಶದ ಬಾವುಟ ಹಾರಿಸುವ ಹಡಗು ಅಮೆರಿಕದ ಬಂದರಿನಲ್ಲಿ ಜನರನ್ನು ಹತ್ತಿಸಿಕೊಂಡು, ಹೊರದೇಶದ ಒಂದು ಬಂದರನ್ನೂ ಮುಟ್ಟದೆ, ಅಮೆರಿಕದಲ್ಲೇ ಇಳಿಸುವ ಹಾಗಿಲ್ಲ. ದೊಡ್ಡ ಕ್ರೂಸ್ ಹಡಗುಗಳು ಹೆಚ್ಚುಕಡಿಮೆ ಎಲ್ಲವೂ ಬಹಾಮಾಸ್, ಪನಾಮಾದಂಥ ದೇಶಗಳಲ್ಲಿ ನೋಂದಣಿ ಆದವು. ಅದಕ್ಕೇ ಸಿಯಾಟಲ್ ಹಡಗುಗಳು ವಾಪಸ್ ಬರುವಾಗ ಒಂದು ಸಂಜೆ ಕೆನಡಾದ ವಿಕ್ಟೋರಿಯಾದಲ್ಲಿ ನಿಲ್ಲುತ್ತವೆ. ಕೋವಿಡ್ ಹೊತ್ತಿನಲ್ಲಿ ಕೆನಡಾ ತನ್ನ ಬಂದರುಗಳನ್ನು ಕ್ರೂಸ್ ಹಡಗುಗಳಿಗೆ ಮುಚ್ಚಿತ್ತು. ಆಗ 2021ರಲ್ಲಿ ಅಮೆರಿಕದ ಸಂಸತ್ತು ತಾತ್ಕಾಲಿಕವಾಗಿ ಬೇರೆ ಕಾನೂನು ಮಾಡಿದ ಮೇಲೇ ಅಲಾಸ್ಕಾಕ್ಕೆ ಹಡಗು ಹೊರಟವು.

"ವಿಕ್ಟೋರಿಯಾದಲ್ಲಿ ನಾವು ಇಳಿಯೋದೇ ಇಲ್ಲ, ರೂಮಿನಲ್ಲೇ ಇರುತ್ತೇವೆ" ಅಂದರೆ ನಡೆಯಲ್ಲ. ನಮ್ಮ ಪರಿಚಯದ ಒಂದು ಕುಟುಂಬದಲ್ಲಿ ಅತ್ತೆ-ಮಾವನಿಗೆ ಕೆನಡಾ ವೀಸಾ ಇರಲಿಲ್ಲ. ಬಂದರಿನ ಕೌಂಟರ್‌ನಲ್ಲೇ ಅವರನ್ನು ತಡೆದರು. ಮಕ್ಕಳು ಅಳುತ್ತಾ ನಿಂತಿದ್ದವು, ದುಡ್ಡೂ ವಾಪಸ್ ಬರಲಿಲ್ಲ. ಆ ವಯಸ್ಸಾದವರ ಮುಖ ನೋಡಲು ಆಗುತ್ತಿರಲಿಲ್ಲ. ಯಾರಿಗೂ ಹಾಗಾಗಬಾರದು ಅಂತಲೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಅಪ್ಪ-ಅಮ್ಮ ಅಲ್ಲಿಂದ ಹೊರಡುವ ಮುಂಚೆಯೇ ಅರ್ಜಿ ಹಾಕಿಸಿ. ಅರ್ಜಿ ಆನ್‌ಲೈನ್. ಬೆರಳಚ್ಚು ಕೊಡಲು ಬೆಂಗಳೂರಿನಲ್ಲೇ ವೀಸಾ ಅರ್ಜಿಗಳ ಕೆಲಸ ನೋಡುವ ವಿಎಫ್‌ಎಸ್ ಕೇಂದ್ರ ಇದೆ. ನೀವಿಬ್ಬರು ಅಮೆರಿಕದಲ್ಲೇ ಬೆರಳಚ್ಚು ಕೊಡಬಹುದು. ಕೈಗೆ ಬಂದ ವೀಸಾದಲ್ಲಿ ಮಲ್ಟಿಪಲ್ ಎಂಟ್ರಿ ಇದೆಯಾ ನೋಡಿಕೊಳ್ಳಿ. ವ್ಯಾಂಕೋವರ್‌ನಿಂದ ಹೊರಟರೆ ಕೆನಡಾ ಒಳಗೆ ಎರಡು ಸಲ ಬಂದ ಲೆಕ್ಕ ಆಗುತ್ತದೆ.

ಬೆಲ್ವ್ಯೂ ಮೈಸೂರಿಗ

ತುಂಬಾ ಥ್ಯಾಂಕ್ಸ್ ಸರ್. ವಿಕ್ಟೋರಿಯಾ ವಿಷಯ ಗೊತ್ತಿತ್ತು, ಇಳಿಯದಿದ್ದರೂ ವೀಸಾ ಬೇಕು ಅನ್ನೋದು ಗೊತ್ತಿರಲಿಲ್ಲ. ಈ ವಾರವೇ ಅಪ್ಪನಿಗೆ ಹೇಳಿ ಶುರು ಮಾಡಿಸುತ್ತೇನೆ. ಇನ್ನೊಂದು: ನನ್ನ ಪಾಸ್‌ಪೋರ್ಟ್‌ನಲ್ಲಿರುವ ಎಚ್-1ಬಿ ಮುದ್ರೆಯ ಅವಧಿ ಮುಗಿದಿದೆ. ಐ-94 (ಇಲ್ಲಿ ಎಲ್ಲಿಯವರೆಗೆ ಇರಬಹುದು ಅನ್ನುವ ದಾಖಲೆ) ಮಾತ್ರ ಚಾಲ್ತಿಯಲ್ಲಿದೆ. ಏನಾದರೂ ತೊಂದರೆನಾ?

ಉತ್ತರ ದಿಕ್ಕು (ಬರ್ನಬಿ)

ಕೆನಡಾಕ್ಕೆ 30 ದಿನದೊಳಗೆ ಹೋಗಿ ಬರುವವರಿಗೆ, ಐ-94 ಚಾಲ್ತಿಯಲ್ಲಿದ್ದರೆ, ಹಳೆಯ ಮುದ್ರೆಯ ಮೇಲೇ ಒಳಗೆ ಬಿಡುವ ನಿಯಮ ಇದೆ. ಆಟೊಮ್ಯಾಟಿಕ್ ರೀವ್ಯಾಲಿಡೇಶನ್ ಅಂತ ಹೆಸರು. ಅಲ್ಲಿದ್ದಾಗ ಹೊಸ ವೀಸಾಕ್ಕೆ ಮಾತ್ರ ಅರ್ಜಿ ಹಾಕಬೇಡಿ, ಹಾಕಿದರೆ ಈ ಅನುಕೂಲ ಸಿಗಲ್ಲ. ಐ-94 ಕಾಗದದಲ್ಲಿ ಪ್ರಿಂಟ್ ಮಾಡಿ ಜೊತೆಗಿಟ್ಟುಕೊಳ್ಳಿ. ನಿಮ್ಮ ಕಂಪನಿಯ ವಕೀಲರಿಗೆ ಒಂದು ಮೇಲ್ ಹಾಕಿ ಖಚಿತ ಮಾಡಿಕೊಂಡೇ ಟಿಕೆಟ್ ತೆಗೆಯಿರಿ.

ಹಕ್ಕಿಗಣ್ಣು

ಪ್ರಾಣಿಗಳು ಕಾಣಿಸುತ್ತವಾ ಅಂತ ಕೇಳಿದ್ದೀರಿ. ಖಂಡಿತ ಕಾಣಿಸುತ್ತವೆ. ಆದರೆ ಎಲ್ಲಿ ನಿಂತು ನೋಡುತ್ತೀರಿ ಅನ್ನೋದರ ಮೇಲೆ ಹೋಗುತ್ತದೆ. ಹದಿನಾಲ್ಕನೇ ಮಹಡಿಯ ಈಜುಕೊಳದ ಪಕ್ಕ ಕೂತರೆ ತಿಮಿಂಗಿಲ ಅಂದರೆ ದೂರದಲ್ಲಿ ಒಂದು ಬಿಳಿ ಉಸಿರು ಅಷ್ಟೇ. ಬಂದರಿನಲ್ಲಿ ಇಳಿದು ಚಿಕ್ಕ ದೋಣಿ ಹತ್ತಬೇಕು. ಹಾಗಾಗಿ ನನ್ನ ಮಾತು ಇಷ್ಟೇ: ಹಡಗಿನ ರೂಮಿಗೆ ಸುರಿಯುವ ದುಡ್ಡಿನಲ್ಲಿ ಸ್ವಲ್ಪ ಉಳಿಸಿ, ದೋಣಿಗೆ ಹಾಕಿ.

ತಿಮಿಂಗಿಲಕ್ಕೆ ಜೂನೋ ಅಥವಾ ಐಸಿ ಸ್ಟ್ರೈಟ್ ಪಾಯಿಂಟ್ ಬಂದರು. ಇಲ್ಲಿ ಬರುವ ಹಂಪ್‌ಬ್ಯಾಕ್ ತಿಮಿಂಗಿಲಗಳು ಬಹುಪಾಲು ಚಳಿಗಾಲವನ್ನು ಹವಾಯಿಯಲ್ಲಿ ಕಳೆದು, ಮರಿ ಹಾಕಿ, ಬೇಸಿಗೆಗೆ ಇಲ್ಲಿಗೆ ಈಜಿಕೊಂಡು ಬರುತ್ತವೆ. ಅಲ್ಲಿ ತಿಂಗಳುಗಟ್ಟಲೆ ಹೆಚ್ಚುಕಡಿಮೆ ಉಪವಾಸ. ತಿನ್ನೋದೆಲ್ಲ ಇಲ್ಲಿ, ಈ ತಣ್ಣನೆಯ ನೀರಿನಲ್ಲಿ. ಅದಕ್ಕೇ ಜೂನ್‌ನಿಂದ ಆಗಸ್ಟ್‌ವರೆಗೆ ಅವಕ್ಕೆ ಬೇರೆ ಕೆಲಸವೇ ಇಲ್ಲ. ಅದೃಷ್ಟ ಇದ್ದರೆ ಹತ್ತಾರು ತಿಮಿಂಗಿಲ ಸೇರಿ ಬೇಟೆ ಆಡುವುದನ್ನು ನೋಡಬಹುದು. ಕೆಳಗಿನಿಂದ ಗುಳ್ಳೆಗಳನ್ನು ಬಿಟ್ಟು ಹೆರಿಂಗ್ ಮೀನಿನ ಸುತ್ತ ಬಲೆ ಕಟ್ಟುತ್ತವೆ, ಆಮೇಲೆ ಎಲ್ಲವೂ ಒಟ್ಟಿಗೆ ಬಾಯಿ ತೆರೆದು ಮೇಲೆ ನುಗ್ಗುತ್ತವೆ. ಅದನ್ನು ಕಂಡ ದಿನ ನನಗೆ ಮಾತೇ ಹೊರಡಲಿಲ್ಲ.

ಮಗಳಿಗೆ ಒಂದು ಕೆಲಸ ಕೊಡಿ. ಪ್ರತಿ ಹಂಪ್‌ಬ್ಯಾಕ್‌ನ ಬಾಲದ ಅಡಿಭಾಗದಲ್ಲಿ ಕಪ್ಪು-ಬಿಳುಪು ಗುರುತು ಬೇರೆ ಬೇರೆ. ಮುಳುಗುವಾಗ ಬಾಲ ಎತ್ತುತ್ತದಲ್ಲ, ಆಗ ಫೋಟೊ ತೆಗೆಯಲಿ. ಹ್ಯಾಪಿವೇಲ್ ಅನ್ನುವ ತಾಣಕ್ಕೆ ಹಾಕಿದರೆ ಅದು ಯಾವ ತಿಮಿಂಗಿಲ, ಮೊದಲು ಎಲ್ಲಿ ಕಂಡಿತ್ತು ಅಂತ ತಿಳಿಸುತ್ತಾರೆ. ಸುಮ್ನೆ ಆಟ ಅಲ್ಲ. ಇಂಥ ಫೋಟೊಗಳಿಂದಲೇ ಉತ್ತರ ಪೆಸಿಫಿಕ್‌ನ ಹಂಪ್‌ಬ್ಯಾಕ್‌ಗಳ ಲೆಕ್ಕ ಹಾಕಿದ್ದು. 2012ರಲ್ಲಿ 33 ಸಾವಿರ ದಾಟಿದ್ದವು, 2021ರ ಹೊತ್ತಿಗೆ 26 ಸಾವಿರ ಚಿಲ್ಲರೆಗೆ ಇಳಿದಿವೆ. ನಡುವೆ ಸಮುದ್ರ ಬಿಸಿಯಾಗಿ ಆಹಾರ ಕಡಿಮೆಯಾಗಿತ್ತು.

ಕರಡಿ ನೋಡಬೇಕಾದರೆ ಸಾಲ್ಮನ್ ಮೀನು ಹೊಳೆಗೆ ಬರಬೇಕು. ಅದು ಜುಲೈ ಕೊನೆಯಿಂದ ಸೆಪ್ಟೆಂಬರ್. ಕೆಚಿಕನ್ ಹತ್ತಿರದ ಹೆರಿಂಗ್ ಕೋವ್‌ನಲ್ಲಿ ಕಪ್ಪು ಕರಡಿಗಳು ಮೀನು ಹಿಡಿಯಲು ಬರುತ್ತವೆ. ಸೀಲ್ ಮರಿಗಳು ಬೇಕಾದರೆ ಜೂನ್, ತೇಲುವ ಮಂಜುಗಡ್ಡೆ ಮೇಲೆ ತಾಯಿ ಜೊತೆ ಮಲಗಿರುತ್ತವೆ. ಬಾಲ್ಡ್ ಈಗಲ್ ಅಂತೂ ಬಂದರಿನ ದೀಪದ ಕಂಬದ ಮೇಲೂ ಕೂತಿರುತ್ತದೆ. ಸಮುದ್ರದ ನೀರುನಾಯಿಗಳನ್ನು ತುಪ್ಪಳದ ವ್ಯಾಪಾರಕ್ಕೆ ಪೂರ್ತಿ ಕೊಂದು ಮುಗಿಸಿದ್ದರು, 1960ರ ದಶಕದಲ್ಲಿ ತಂದು ಬಿಟ್ಟ ಮೇಲೆ ಮತ್ತೆ ಹೆಚ್ಚಿವೆ. ಬೆನ್ನ ಮೇಲೆ ತೇಲುತ್ತಾ ಹೊಟ್ಟೆಯ ಮೇಲೆ ಮರಿ ಇಟ್ಟುಕೊಂಡಿರುತ್ತವೆ. ನಿಮ್ಮ ಮಗನಿಗೆ ಅವೇ ಜಾಸ್ತಿ ಇಷ್ಟ ಆಗಬಹುದು.

ಎಲ್ಲ ಸೇರಿಸಿ ನೋಡಿದರೆ ನಿಮಗೆ ಜುಲೈ ಎರಡನೇ ಭಾಗ ಸರಿ.

ಕಲ್ಲು ಮಣ್ಣು

ನಿಮ್ಮ ತಂದೆಯವರಿಗೆ ಹಿಮನದಿ ಬೇಕು ಅಂದಿರಿ. ಹಾಗಾದರೆ ಹಡಗಿನ ಹೆಸರು ನೋಡಬೇಡಿ, ವೇಳಾಪಟ್ಟಿಯಲ್ಲಿ "ಗ್ಲೇಸಿಯರ್ ಬೇ" ಇದೆಯಾ ನೋಡಿ. ಅದು ರಾಷ್ಟ್ರೀಯ ಉದ್ಯಾನ, ಅಲ್ಲಿಗೆ ದಿನಕ್ಕೆ ಎರಡೇ ದೊಡ್ಡ ಕ್ರೂಸ್ ಹಡಗುಗಳಿಗೆ ಅನುಮತಿ. ಹಾಗಾಗಿ ಎಲ್ಲ ಕಂಪನಿಗಳೂ ಹೋಗಲ್ಲ. ಉಳಿದವು ಎಂಡಿಕಾಟ್ ಆರ್ಮ್ ಅಥವಾ ಹಬ್ಬರ್ಡ್ ಹಿಮನದಿಗೆ ಹೋಗುತ್ತವೆ. ಟ್ರೇಸಿ ಆರ್ಮ್ ಅಂತ ಇನ್ನೊಂದಿತ್ತು, 2025ರ ಆಗಸ್ಟ್‌ನಲ್ಲಿ ಅಲ್ಲಿ ದೊಡ್ಡ ಭೂಕುಸಿತ ಆಗಿ ಸುನಾಮಿ ಎದ್ದಿತು. ಹಳೆಯ ಬ್ಲಾಗ್‌ಗಳಲ್ಲಿ ಆ ಹೆಸರು ಕಂಡರೆ ಈಗಿನ ವೇಳಾಪಟ್ಟಿ ನೋಡಿ ಖಚಿತ ಮಾಡಿಕೊಳ್ಳಿ.

ಗ್ಲೇಸಿಯರ್ ಬೇ ಯಾಕೆ ಅಷ್ಟು ಮುಖ್ಯ? 1750ರ ಸುಮಾರಿಗೆ ಅಲ್ಲಿ ಕೊಲ್ಲಿಯೇ ಇರಲಿಲ್ಲ, ಬಾಯಿಯವರೆಗೂ ಮಂಜುಗಡ್ಡೆ ತುಂಬಿತ್ತು. 1794ರಲ್ಲಿ ಜಾರ್ಜ್ ವ್ಯಾಂಕೋವರ್‌ನ ಜನ ಸರ್ವೆ ಮಾಡಿದಾಗ ಐದು ಮೈಲಿ ಒಳಸರಿದಿತ್ತು. 1879ರಲ್ಲಿ ಜಾನ್ ಮ್ಯೂರ್ ಬರುವಷ್ಟರಲ್ಲಿ 40 ಮೈಲಿಗೂ ಮೀರಿ ಹಿಂದೆ ಹೋಗಿತ್ತು. ಈಗ ನಿಮ್ಮ ಹಡಗು 65 ಮೈಲಿ ಒಳಗೆ ಸಾಗುತ್ತದೆ. ಹೋಗುತ್ತಾ ಹೋಗುತ್ತಾ ದಡ ನೋಡಿ. ಬಾಯಿಯ ಹತ್ತಿರ ದಟ್ಟ ಕಾಡು, ಆಮೇಲೆ ಪೊದೆ, ಆಮೇಲೆ ಪಾಚಿ, ಕೊನೆಗೆ ಬರೀ ಬಂಡೆ. ಮಂಜು ಬಿಟ್ಟುಕೊಟ್ಟ ನೆಲದಲ್ಲಿ ಕಾಡು ಹೇಗೆ ಹುಟ್ಟುತ್ತದೆ ಅನ್ನೋದನ್ನು ಒಂದೇ ದಿನದಲ್ಲಿ ಹಿಂದಕ್ಕೆ ಓದಿದ ಹಾಗೆ.

ಬೆಳಿಗ್ಗೆ ಪಾರ್ಕ್‌ನ ರೇಂಜರ್‌ಗಳು ಚಿಕ್ಕ ದೋಣಿಯಲ್ಲಿ ಬಂದು ಹಡಗು ಹತ್ತುತ್ತಾರೆ. ದಿನವಿಡೀ ಮೈಕಿನಲ್ಲಿ ವಿವರಿಸುತ್ತಾರೆ. ಮಕ್ಕಳಿಗೆ ಜೂನಿಯರ್ ರೇಂಜರ್ ಪುಸ್ತಕ ಕೊಡುತ್ತಾರೆ, ತುಂಬಿಸಿದರೆ ಬ್ಯಾಜ್. ಮಾರ್ಜರಿ ಹಿಮನದಿಯ ಮುಂದೆ ಹಡಗು ನಿಂತು ನಿಧಾನಕ್ಕೆ ತಿರುಗುತ್ತದೆ. ನೀರಿನ ಮೇಲೆ ಕಾಣುವ ಗೋಡೆಯೇ ಸುಮಾರು 250 ಅಡಿ. ಒಂದು ಚೂರು ಕಳಚಿ ಬಿದ್ದರೆ ಮೊದಲು ಕಣ್ಣಿಗೆ ಕಾಣುತ್ತದೆ, ಸದ್ದು ಆಮೇಲೆ ಬರುತ್ತದೆ.

ಅದು ಹೂನಾ ಟ್ಲಿಂಗಿಟ್ ಜನರ ಮೂಲ ನೆಲ. ಹಿಮನದಿ ಮುನ್ನುಗ್ಗಿ ಬಂದಾಗ ಹಳ್ಳಿ ಬಿಟ್ಟು ಓಡಬೇಕಾಯಿತು. ಅವರ ವಂಶದವರು ಈಗ ಹೂನಾ ಊರಿನಲ್ಲಿದ್ದಾರೆ, ಐಸಿ ಸ್ಟ್ರೈಟ್ ಪಾಯಿಂಟ್ ಬಂದರು ಅವರದೇ ಸಂಸ್ಥೆಯದು. ಕೆಲವು ಹಡಗುಗಳಿಗೆ ಅವರ ಕಡೆಯವರೂ ಬಂದು ಕಥೆ ಹೇಳುತ್ತಾರೆ. ಆ ಹೊತ್ತಿಗೆ ಊಟಕ್ಕೆ ಹೋಗಬೇಡಿ.

ಆಂಕರೇಜ್ ಗೌಡ್ತಿ

ನಾನು ಬೇರೆ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಪ್ರಾಣಿಗಳೇ ಮುಖ್ಯ ಅಂದರೆ ಕ್ರೂಸ್ ಯಾಕೆ? ಏಳು ರಾತ್ರಿಯಲ್ಲಿ ನೆಲದ ಮೇಲೆ ಕಾಲಿಡೋದು ಎಷ್ಟು ಹೊತ್ತು? ವಿಮಾನದಲ್ಲಿ ಆಂಕರೇಜ್‌ಗೆ ಬನ್ನಿ, ಕಾರು ತೆಗೆದುಕೊಳ್ಳಿ. ಸುವರ್ಡ್‌ಗೆ 127 ಮೈಲಿ, ದಾರಿಯ ಮೊದಲ ಭಾಗದಲ್ಲಿ ಒಂದು ಕಡೆ ಬೆಟ್ಟ, ಒಂದು ಕಡೆ ಸಮುದ್ರ. ಸುವರ್ಡ್‌ನಿಂದ ಕೀನಾಯ್ ಫ್ಯೋರ್ಡ್ಸ್ ರಾಷ್ಟ್ರೀಯ ಉದ್ಯಾನಕ್ಕೆ ದಿನದ ದೋಣಿ ಇದೆ. ಅಲ್ಲಿ ಪಫಿನ್ ಹಕ್ಕಿ, ಓರ್ಕಾ, ಕಡಲ ಸಿಂಹ, ಹಿಮನದಿ ಎಲ್ಲವೂ ಒಂದೇ ದಿನದಲ್ಲಿ ಸಿಗಬಹುದು. ಎಕ್ಸಿಟ್ ಗ್ಲೇಸಿಯರ್‌ಗೆ ಹೋಗುವ ದಾರಿಯಲ್ಲಿ ಇಸವಿ ಬರೆದ ಫಲಕಗಳಿವೆ. ಆ ವರ್ಷ ಮಂಜು ಇಲ್ಲಿಯವರೆಗೆ ಇತ್ತು ಅಂತ. ನಮ್ಮ ಮಕ್ಕಳು ತಾವು ಹುಟ್ಟಿದ ವರ್ಷ ಹುಡುಕಿಕೊಂಡು ಹೋಗಿ ನಿಂತರು, ಯಾರೂ ಏನೂ ವಿವರಿಸಬೇಕಾಗಲಿಲ್ಲ.

ಡೆನಾಲಿ ರಾಷ್ಟ್ರೀಯ ಉದ್ಯಾನವನ್ನೂ ಸೇರಿಸಬೇಕು ಅಂತ ಇದ್ದರೆ ಮೊದಲು ರಸ್ತೆಯ ಸ್ಥಿತಿ ನೋಡಿ. ಪ್ರೆಟಿ ರಾಕ್ಸ್ ಅನ್ನುವಲ್ಲಿ ನೆಲ ಜಾರಿ 2021ರ ಆಗಸ್ಟ್‌ನಲ್ಲಿ ಪಾರ್ಕ್ ರಸ್ತೆ ಅರ್ಧಕ್ಕೇ ನಿಂತಿತು, ಸೇತುವೆ ಕೆಲಸ ವರ್ಷಗಟ್ಟಲೆ ಹಿಡಿಯಿತು. ಮತ್ತೆ, ಈ ದಾರಿಗೆ ಕೆನಡಾ ವೀಸಾದ ತಲೆನೋವೇ ಇಲ್ಲ.

ಉತ್ತರ ದಿಕ್ಕು (ಬರ್ನಬಿ)

ಗೌಡ್ತಿ ಅಕ್ಕ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ಹೋಗುವವರು ನೀವಿಬ್ಬರೇ ಆಗಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಆದರೆ ಮಂಡಿನೋವಿನ ಅಮ್ಮನಿಗೆ ದಿನಾ ಪೆಟ್ಟಿಗೆ ಕಟ್ಟಿ, ಬೇರೆ ಹೋಟೆಲ್‌ಗೆ ಹೋಗಿ, ಸಸ್ಯಾಹಾರ ಹುಡುಕಿ, ಮತ್ತೆ ಕಾರಿನಲ್ಲಿ ಕೂರೋದು ಕಷ್ಟ. ಹಡಗಿನಲ್ಲಿ ರೂಮು ಒಂದೇ, ಊರುಗಳೇ ಎದುರಿಗೆ ಬರುತ್ತವೆ. ಮೂರು ತಲೆಮಾರು ಒಟ್ಟಿಗೆ ಹೋಗುವಾಗ ಅದು ಸಣ್ಣ ಅನುಕೂಲ ಅಲ್ಲ.

ಸಿಯಾಟಲ್ ಬೇಡ, ವ್ಯಾಂಕೋವರ್ ಹಿಡಿಯಿರಿ ಅನ್ನೋದು ನನ್ನ ಸಲಹೆ. ಸಿಯಾಟಲ್ ಹಡಗುಗಳು ಸಾಮಾನ್ಯವಾಗಿ ವ್ಯಾಂಕೋವರ್ ದ್ವೀಪದ ಪಶ್ಚಿಮಕ್ಕೆ, ತೆರೆದ ಪೆಸಿಫಿಕ್‌ನಲ್ಲಿ ಹೋಗುತ್ತವೆ. ಒಂದು ದಿನವಾದರೂ ತೂಗಾಟ ಇರುತ್ತದೆ. ವ್ಯಾಂಕೋವರ್‌ನಿಂದ ಹೊರಟರೆ ದ್ವೀಪಕ್ಕೂ ನೆಲಕ್ಕೂ ನಡುವಿನ ಇನ್‌ಸೈಡ್ ಪ್ಯಾಸೇಜ್. ನೀರು ಶಾಂತ, ಎರಡೂ ಕಡೆ ಕಾಡು. ವಯಸ್ಸಾದವರಿಗೆ ಇದು ದೊಡ್ಡ ವ್ಯತ್ಯಾಸ. ಬೆಲ್ವ್ಯೂನಿಂದ ಮೂರು ಗಂಟೆ ಡ್ರೈವ್, ಗಡಿಯ ಸಾಲು ಬೇರೆ. ಹಿಂದಿನ ರಾತ್ರಿಯೇ ಬಂದು ಉಳಿದುಬಿಡಿ.

ಹಾಸನದ ತಾತ

ನಮಸ್ಕಾರ. ಮಗಳ ಮನೆಗೆ ಬಂದಾಗ ನಮ್ಮನ್ನೂ ಕರೆದುಕೊಂಡು ಹೋಗಿದ್ದರು. ಆ ಕಡೆಯಿಂದ ಎರಡು ಮಾತು.

ಅಪ್ಪ-ಅಮ್ಮ "ನಮಗೆ ಏನೂ ಬೇಡ, ಮಕ್ಕಳು ನೋಡಿದರೆ ಸಾಕು" ಅನ್ನುತ್ತಾರೆ. ನಂಬಬೇಡಿ. ಅವರಿಗೂ ಆಸೆ ಇರುತ್ತದೆ, ಖರ್ಚು ನೋಡಿ ಹಾಗೆ ಹೇಳುತ್ತಾರೆ. ತಿಮಿಂಗಿಲದ ದೋಣಿಗೆ ಅವರನ್ನು ಬಿಟ್ಟು ಹೋಗಬೇಡಿ. ಆ ದೋಣಿಗಳಲ್ಲಿ ಗಾಜು ಹಾಕಿದ ಬೆಚ್ಚಗಿನ ಕ್ಯಾಬಿನ್ ಇರುತ್ತದೆ, ಟಾಯ್ಲೆಟ್ ಇರುತ್ತದೆ, ಕೂತೇ ನೋಡಬಹುದು. ನಮ್ಮವಳು ಮೆಟ್ಟಿಲು ಹತ್ತಲು ಕಷ್ಟಪಡುವವಳು, ಆದರೂ ಆರಾಮಾಗಿ ನೋಡಿದಳು.

ಹಡಗು ನಿಲ್ಲುವ ಸ್ಕಾಗ್ವೇ ಊರಿನಲ್ಲಿ ವೈಟ್ ಪಾಸ್ ರೈಲು ಹತ್ತಿಸಿ. ಚಿನ್ನದ ಆಸೆಗೆ ಜನ ಕೆನಡಾದ ಕ್ಲಾಂಡೈಕ್‌ಗೆ ನುಗ್ಗಿದ ಕಾಲದಲ್ಲಿ, 1898ರಿಂದ 1900ರ ನಡುವೆ ಹಾಕಿದ ಮೂರಡಿ ಅಗಲದ ಹಳಿ. ಸಮುದ್ರಮಟ್ಟದಿಂದ 20 ಮೈಲಿಯಲ್ಲಿ 2,865 ಅಡಿ ಏರುತ್ತದೆ. ಹೋಗುವಾಗ ಎಡಗಡೆ ಕೂರಿ. ರೈಲ್ವೆಯಲ್ಲಿ ಕೆಲಸ ಮಾಡಿದ ನನಗೆ ಆ ಸೇತುವೆ, ಆ ಸುರಂಗ ನೋಡಿ ಅದನ್ನು ಕಟ್ಟಿದ ಕೂಲಿಗಳಿಗೆ ಕೈಮುಗಿಯಬೇಕು ಅನಿಸಿತು. ತುದಿಯವರೆಗೆ ಹೋಗಿ ಇಳಿಯದೆ ವಾಪಸ್ ಬರುವ ರೈಲೇ ಸಾಕು. ಯೂಕಾನ್‌ವರೆಗೆ ಹೋಗುವ ಬಸ್ಸಿಗೆ ಪಾಸ್‌ಪೋರ್ಟ್, ಕೆನಡಾ ವೀಸಾ ಕೈಯಲ್ಲೇ ಇರಬೇಕು.

ಇನ್ನೊಂದು. ಜೂನ್ ಕೊನೆಯಲ್ಲಿ ಜೂನೋದಲ್ಲಿ ಸೂರ್ಯ ಮುಳುಗುವುದು ರಾತ್ರಿ ಹತ್ತರ ಮೇಲೆ, ಹುಟ್ಟುವುದು ನಾಲ್ಕಕ್ಕೂ ಮುಂಚೆ. ನಾನು ಸಂಧ್ಯಾವಂದನೆಯನ್ನು ಗಡಿಯಾರ ನೋಡಿಯೇ ಮಾಡಿದೆ. ನಿದ್ದೆಗೆ ಕಣ್ಣಿಗೆ ಕಟ್ಟುವ ಪಟ್ಟಿ ಇಟ್ಟುಕೊಳ್ಳಿ.

ಕಡಲ ಅಡುಗೆ (ಮಂಗಳೂರು)

ನಾನು ಕ್ರೂಸ್ ಹಡಗುಗಳ ಅಡುಗೆಮನೆಯಲ್ಲಿ ತುಂಬಾ ವರ್ಷ ಕೆಲಸ ಮಾಡಿದವನು. ಅಲಾಸ್ಕಾ ಸೀಸನ್ನೂ ಮಾಡಿದ್ದೇನೆ. ಮಂಗಳೂರು, ಉಡುಪಿ, ಗೋವಾದ ಹುಡುಗರು ಈ ಹಡಗುಗಳಲ್ಲಿ ಬಹಳ ಮಂದಿ ಇದ್ದಾರೆ. ಎದೆಯ ಮೇಲಿನ ಹೆಸರಿನ ಪಟ್ಟಿಯಲ್ಲಿ ದೇಶದ ಹೆಸರೂ ಇರುತ್ತದೆ. ನೋಡಿ ಮಾತಾಡಿಸಿ. ಮನೆ ಬಿಟ್ಟು ತಿಂಗಳುಗಟ್ಟಲೆ ಆಗಿರುತ್ತದೆ, ಕನ್ನಡವೋ ತುಳುವೋ ಕೇಳಿದರೆ ಅವರಿಗೆ ಆಗುವ ಖುಷಿ ನಿಮಗೆ ಗೊತ್ತಾಗಲ್ಲ.

ಊಟದ ವಿಷಯ. ಬುಕ್ ಮಾಡುವಾಗಲೇ ಮೊಟ್ಟೆ ಇಲ್ಲದ ಸಸ್ಯಾಹಾರ ಅಂತ ಬರೆಸಿ. ಬರೆಸಿದರೆ ಸಾಕು ಅಂತ ಬಿಡಬೇಡಿ. ಮೊದಲ ರಾತ್ರಿಯೇ ದೊಡ್ಡ ಡೈನಿಂಗ್ ಹಾಲ್‌ಗೆ ಹೋಗಿ ಹೆಡ್ ವೇಟರ್‌ರನ್ನು ಕಾಣಿ. ನಾಳೆ ರಾತ್ರಿಗೆ ಏನು ಬೇಕು ಅಂತ ಇವತ್ತೇ ಹೇಳಿದರೆ ದಾಲ್, ಪಲ್ಯ, ಅನ್ನ, ರೊಟ್ಟಿ ಮಾಡಿಕೊಡುತ್ತಾರೆ. ಸಾವಿರಾರು ಜನರ ಅಡುಗೆಯ ನಡುವೆ ಕೂತ ಹೊತ್ತಿಗೆ ಕೇಳಿದರೆ ಕೈಯಲ್ಲಿ ಇದ್ದದ್ದು ಬರುತ್ತದೆ ಅಷ್ಟೇ. ಒಂದೇ ಟೇಬಲ್, ಒಂದೇ ಹೊತ್ತು ಇಟ್ಟುಕೊಳ್ಳಿ. ದಿನಾ ಅದೇ ವೇಟರ್ ಇದ್ದರೆ ಎರಡನೇ ದಿನದಿಂದ ನೀವು ಹೇಳಬೇಕಾಗಿಯೇ ಇಲ್ಲ.

ಸೂಪ್ ಕಂಡರೆ ಕೇಳದೆ ಕುಡಿಯಬೇಡಿ. ತರಕಾರಿ ಸೂಪ್ ಅಂದರೂ ಕೋಳಿ ಬೇಯಿಸಿದ ನೀರು (ಸ್ಟಾಕ್) ಇರಬಹುದು, ಬಣ್ಣದ ಅನ್ನಕ್ಕೂ ಅದೇ. ಮೆತ್ತಗಿನ ಸಿಹಿಗಳಲ್ಲಿ ಪ್ರಾಣಿಗಳಿಂದ ತೆಗೆದ ಜೆಲಾಟಿನ್ ಇರಬಹುದು. ಬಿಳಿ ಅನ್ನ, ಸಪ್ಪೆ ಮೊಸರು ಬಫೆಯಲ್ಲಿ ಕೇಳಿದರೆ ಸಿಗುತ್ತದೆ. ಮೊಸರನ್ನಕ್ಕೆ ನೀವು ಉಪ್ಪಿನಕಾಯಿ, ಚಟ್ನಿಪುಡಿ ತನ್ನಿ. ಬಿಸಿನೀರು ಯಾವಾಗಲೂ ಇರುತ್ತದೆ, ಅವಲಕ್ಕಿ ಮಿಕ್ಸ್, ಉಪ್ಪಿಟ್ಟಿನ ಕಪ್ ಆಗುತ್ತದೆ. ಕೆಟಲ್, ರೈಸ್ ಕುಕ್ಕರ್ ತರಬೇಡಿ. ಬೆಂಕಿಯ ಭಯಕ್ಕೆ ಹತ್ತುವಾಗಲೇ ತೆಗೆದಿಡುತ್ತಾರೆ.

ರೂಮು ಹಡಗಿನ ಮಧ್ಯದಲ್ಲಿ, ಕೆಳಗಿನ ಮಹಡಿಗಳಲ್ಲಿ ತೆಗೆದುಕೊಳ್ಳಿ, ತೂಗಾಟ ಕಡಿಮೆ. ಅಪ್ಪ-ಅಮ್ಮನಿಗೆ ಬಾಲ್ಕನಿ ಕೊಡಿ, ನಿಮಗೆ ಪಕ್ಕದ್ದೋ ಎದುರಿನ ಕಿಟಕಿ ಇಲ್ಲದ್ದೋ ಆದೀತು. ಕಂಬಳಿ ಹೊದ್ದು ಕುರ್ಚಿಯಲ್ಲಿ ಕೂತೇ ಅಮ್ಮ ದಡ ನೋಡಬಹುದು. ಟಿಪ್ಸ್ ದಿನಕ್ಕೆ ತಲೆಗೆ 16ರಿಂದ 20 ಡಾಲರ್ ಲೆಕ್ಕ ಹಿಡಿಯಿರಿ, ಮಕ್ಕಳಿಗೂ ಸೇರಿ. ಕೆಲವರು ಕೌಂಟರ್‌ಗೆ ಹೋಗಿ ತೆಗೆಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಅದು ನಮ್ಮ ಹುಡುಗರ ಸಂಬಳದ ಭಾಗವೇ.

ಡಾಕ್ಟರ್ ಸೊಸೆ

ಆರೋಗ್ಯದ ಬಗ್ಗೆ ಯಾರೂ ಹೇಳಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹಡಗಿನ ಆಸ್ಪತ್ರೆಯ ಬಿಲ್ ಬೇರೆ ಬರುತ್ತದೆ, ಜಾಸ್ತಿಯೇ ಬರುತ್ತದೆ. ಅಪ್ಪ-ಅಮ್ಮನ ವಿಸಿಟರ್ ಇನ್ಶೂರೆನ್ಸ್‌ನಲ್ಲಿ ಎರಡು ವಿಷಯ ಓದಿ. ಮೊದಲೇ ಇರುವ ಕಾಯಿಲೆ ದಿಢೀರ್ ಹೆಚ್ಚಾದರೆ ಕೊಡುತ್ತಾರಾ? ಹಡಗಿನಿಂದ ಹೆಲಿಕಾಪ್ಟರ್‌ನಲ್ಲಿ ಸಾಗಿಸಬೇಕಾದರೆ ಕೊಡುತ್ತಾರಾ? ಎರಡಕ್ಕೂ ಹೌದು ಅಂತ ಇರಬೇಕು.

ವಾಂತಿ, ತಲೆಸುತ್ತಿಗೆ ಮೆಕ್ಲಿಜಿನ್ ಸಾಮಾನ್ಯವಾಗಿ ಕೊಡುತ್ತೇವೆ, ನಿದ್ದೆ ಬರಿಸುತ್ತದೆ. ಕಿವಿಯ ಹಿಂದೆ ಅಂಟಿಸುವ ಸ್ಕೋಪಾಲಮಿನ್ ಪಟ್ಟಿಯನ್ನು ವಯಸ್ಸಾದವರಿಗೆ ನೀವಾಗಿಯೇ ಹಾಕಬೇಡಿ. ಮನಸ್ಸು ಗೊಂದಲಕ್ಕೆ ಬೀಳಬಹುದು, ಗ್ಲಾಕೋಮ, ಪ್ರಾಸ್ಟೇಟ್ ತೊಂದರೆ ಇದ್ದವರಿಗೆ ಅಪಾಯ. ಅವರ ಡಾಕ್ಟರನ್ನು ಕೇಳಿಯೇ ತೀರ್ಮಾನಿಸಿ. ಬಿಪಿ, ಶುಗರ್ ಮಾತ್ರೆ ಕೈಚೀಲದಲ್ಲಿರಲಿ. ದೊಡ್ಡ ಪೆಟ್ಟಿಗೆಗಳು ಮೊದಲ ದಿನ ರೂಮಿಗೆ ಬರುವುದು ಸಂಜೆ ಆಗಬಹುದು.

ಮಲೆನಾಡ ಸೊಸೈಟಿ

ಬಟ್ಟೆ ಬಗ್ಗೆ ಚಿಕ್ಕದಾಗಿ. ಜುಲೈನಲ್ಲಿ ಊರುಗಳಲ್ಲಿ 10ರಿಂದ 18 ಡಿಗ್ರಿ, ಹಿಮನದಿ ಮುಂದೆ ಗಾಳಿಗೆ ಕೊರೆಯುತ್ತದೆ. ಚಳಿಗಿಂತ ಮಳೆ ಮುಖ್ಯ. ಕೆಚಿಕನ್‌ನಲ್ಲಿ ವರ್ಷಕ್ಕೆ ಸುಮಾರು 3,800 ಮಿಲಿಮೀಟರ್ ಮಳೆ, ನಮ್ಮ ಆಗುಂಬೆಯ ಅರ್ಧ ಅಂದುಕೊಳ್ಳಿ. ಕೊಡೆ ಗಾಳಿಗೆ ನಿಲ್ಲಲ್ಲ, ಟೋಪಿ ಇರುವ ರೇನ್ ಜಾಕೆಟ್ ಎಲ್ಲರಿಗೂ ಬೇಕು. ಒಳಗೆ ಥರ್ಮಲ್, ಮೇಲೆ ಉಣ್ಣೆ ಅಥವಾ ಫ್ಲೀಸ್. ಹತ್ತಿ ಬಟ್ಟೆ ಒದ್ದೆಯಾದರೆ ಒಣಗಲ್ಲ. ಅಮ್ಮ ಸೀರೆಯೇ ಉಡುವುದಾದರೆ ಒಳಗೆ ಥರ್ಮಲ್ ಪ್ಯಾಂಟ್, ಕಾಲಿಗೆ ಉಣ್ಣೆ ಕಾಲುಚೀಲ, ಜಾರದ ಶೂ. ಅಪ್ಪನಿಗೆ ಮಂಕಿ ಟೋಪಿ.

ಕೊಡಚಾದ್ರಿ

ವೀಸಾ ಬರದೇ ಹೋದರೆ ಏನು ಅಂತ ಯಾರೂ ಕೇಳಿಲ್ಲ. ನಮಗೆ ಹಾಗೇ ಆಯಿತು, ಅತ್ತೆಯವರ ಕೆನಡಾ ವೀಸಾ ಸಮಯಕ್ಕೆ ಬರಲಿಲ್ಲ. ಆದರೂ ಅಲಾಸ್ಕಾ ಬಿಡಲಿಲ್ಲ.

ಸಿಯಾಟಲ್‌ನಿಂದ ಜೂನೋಗೆ ನೇರ ವಿಮಾನ ಇದೆ. ಕೆನಡಾ ಮೇಲೆ ಹಾರಿದರೂ ಅದು ಅಮೆರಿಕದೊಳಗಿನ ಪ್ರಯಾಣವೇ, ಎರಡೂವರೆ ಗಂಟೆ ಚಿಲ್ಲರೆ. ಜೂನೋ ರಾಜಧಾನಿ ಆದರೂ ಹೊರಗಿನಿಂದ ಅದಕ್ಕೆ ರಸ್ತೆಯೇ ಇಲ್ಲ. ಅಲ್ಲಿ ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿದು ಕೂತೆವು. ಮೆಂಡನ್‌ಹಾಲ್ ಹಿಮನದಿ ಊರಿಂದ ಹತ್ತು-ಹನ್ನೆರಡು ಮೈಲಿ. ಫೋಟೊ ಪಾಯಿಂಟ್‌ವರೆಗೆ ಗಾಲಿಕುರ್ಚಿ ಹೋಗುವ ಸಮತಟ್ಟಾದ ದಾರಿ ಇದೆ. ತಿಮಿಂಗಿಲದ ದೋಣಿಗಳು ಆಕ್ ಬೇಯಿಂದ ಹೊರಡುತ್ತವೆ, ಕ್ರೂಸ್ ಜನ ಬರುವುದೂ ಅದೇ ದೋಣಿಗಳಿಗೆ. ಸಂಜೆ ಹಡಗುಗಳು ಹೋದ ಮೇಲೆ ಊರು ನಮ್ಮದೇ.

ಸ್ಕಾಗ್ವೇಗೆ ಸರ್ಕಾರಿ ಫೆರಿಯಲ್ಲಿ ಹೋದೆವು. ಅಲಾಸ್ಕಾ ಮರೀನ್ ಹೈವೇ ಅಂತ ಹೆಸರು, 1963ರಿಂದ ಓಡುತ್ತಿದೆ. ಬೆಲ್ವ್ಯೂ ಅವರಿಗೆ ಇದು ಇನ್ನೂ ಅನುಕೂಲ, ಯಾಕೆಂದರೆ ಒಂದು ಫೆರಿ ವಾಷಿಂಗ್ಟನ್ ರಾಜ್ಯದ ಬೆಲ್ಲಿಂಗ್‌ಹ್ಯಾಮ್‌ನಿಂದಲೇ ಹೊರಟು ಕೆನಡಾದಲ್ಲಿ ನಿಲ್ಲದೆ ಕೆಚಿಕನ್ ಸೇರುತ್ತದೆ. ಸುಮಾರು ಒಂದೂವರೆ ದಿನ. ಫೆರಿಗಳ ಸಂಖ್ಯೆ ಕಡಿಮೆ, ವೇಳಾಪಟ್ಟಿ ನೋಡಿಕೊಂಡೇ ಉಳಿದದ್ದು ಯೋಜಿಸಿ.

ಬೇ ಏರಿಯಾ ಅಮ್ಮ

ಒಂದು ಪ್ರಶ್ನೆ ನನ್ನನ್ನು ಕಾಡುತ್ತಿದೆ. ಪ್ರಾಣಿ ನೋಡಲು ಅಂತ ಇಷ್ಟು ದೊಡ್ಡ ಹಡಗುಗಳಲ್ಲಿ ಹೋಗಿ ಆ ಪ್ರಾಣಿಗಳಿಗೇ ತೊಂದರೆ ಕೊಡುತ್ತಿಲ್ಲವಾ? ಮಕ್ಕಳು ಕೇಳಿದರೆ ಏನು ಹೇಳೋದು?

ಹಕ್ಕಿಗಣ್ಣು

ತೊಂದರೆ ಇದೆ. ಮುಚ್ಚಿಡಬಾರದು. 2001ರಲ್ಲಿ ಗ್ಲೇಸಿಯರ್ ಬೇ ಬಾಯಿಯ ಹತ್ತಿರ ಕ್ರೂಸ್ ಹಡಗು ಬಡಿದು ಸ್ನೋ ಅನ್ನುವ ಗರ್ಭಿಣಿ ಹಂಪ್‌ಬ್ಯಾಕ್ ಸತ್ತಿತು. ಅದರ ಅಸ್ಥಿಪಂಜರವನ್ನು ಜೋಡಿಸಿ ಬಾರ್ಟ್‌ಲೆಟ್ ಕೋವ್‌ನಲ್ಲಿ ಇಟ್ಟಿದ್ದಾರೆ. ಈಗ ತಿಮಿಂಗಿಲ ಇರುವ ನೀರಿನಲ್ಲಿ ಪಾರ್ಕ್ ವೇಗವನ್ನು 13 ನಾಟ್‌ಗೆ ಇಳಿಸುತ್ತದೆ. ಸೀಲ್‌ಗಳು ಮರಿ ಹಾಕುವ ಜಾನ್ಸ್ ಹಾಪ್ಕಿನ್ಸ್ ಕವಲಿಗೆ ಆಗಸ್ಟ್ ಮುಗಿಯುವವರೆಗೆ ಕ್ರೂಸ್ ಹಡಗು ಹೋಗುವ ಹಾಗಿಲ್ಲ. ಜೂನೋ ಊರಿನವರು 2024ರಿಂದ ದಿನಕ್ಕೆ ಐದು ದೊಡ್ಡ ಹಡಗು ಸಾಕು ಅಂದಿದ್ದಾರೆ. ಹಂಪ್‌ಬ್ಯಾಕ್‌ನಿಂದ ದೋಣಿಗಳು ನೂರು ಗಜ ದೂರ ಇರಬೇಕು ಅನ್ನೋದು ಕಾನೂನು. ದೋಣಿಯವರಿಗೆ "ಇನ್ನೂ ಹತ್ತಿರ ಹೋಗಿ" ಅಂತ ಒತ್ತಾಯ ಮಾಡಬೇಡಿ. ದೂರ ಕಾಯುವ ದೋಣಿಯನ್ನೇ ಆರಿಸಿಕೊಳ್ಳಿ. ಮಕ್ಕಳಿಗೆ ಸ್ನೋ ಕಥೆಯನ್ನೂ ಹೇಳಿ, ಅವರಿಗೆ ಅರ್ಥ ಆಗುತ್ತದೆ.

ಬೆಲ್ವ್ಯೂ ಮೈಸೂರಿಗ

ಎಲ್ಲರ ಮಾತನ್ನೂ ಮನೆಯಲ್ಲಿ ಓದಿ ಹೇಳಿದೆ. ಹಾಸನದ ತಾತ ಬರೆದಿದ್ದನ್ನು ಫೋನಿನಲ್ಲಿ ಕೇಳಿದ ಅಮ್ಮ "ನಾನೂ ದೋಣಿ ಹತ್ತುತ್ತೇನೆ" ಅಂದರು.

ತೀರ್ಮಾನ ಹೀಗೆ: ಜುಲೈ ಮೂರನೇ ವಾರ, ವ್ಯಾಂಕೋವರ್‌ನಿಂದ ಹೋಗಿ ಬರುವುದು, ಗ್ಲೇಸಿಯರ್ ಬೇ ಇರುವ ಹಡಗು. ಅಪ್ಪ-ಅಮ್ಮನಿಗೆ ಮಧ್ಯದಲ್ಲಿ ಬಾಲ್ಕನಿ, ನಮಗೆ ನಾಲ್ವರಿಗೆ ಎದುರಿನ ಒಳರೂಮು. ಉಳಿದ ದುಡ್ಡು ಜೂನೋದ ದೋಣಿಗೆ, ಸ್ಕಾಗ್ವೇ ರೈಲಿಗೆ. ಪೂರ್ತಿ ಹಣ ಕಟ್ಟುವ ಕೊನೆಯ ದಿನ ಏಪ್ರಿಲ್‌ನಲ್ಲಿದೆ. ಅಷ್ಟರಲ್ಲಿ ಕೆನಡಾ ವೀಸಾ ಬರದಿದ್ದರೆ ರದ್ದು ಮಾಡಿ ಕೊಡಚಾದ್ರಿ ಅವರ ದಾರಿ, ಜೂನೋಗೆ ವಿಮಾನ. ಅಪ್ಪ ಆಗಲೇ ಫೋಟೊ ತೆಗೆಸಲು ಹೋಗಿದ್ದಾರೆ.

ಕೊನೆಯ ಪ್ರಶ್ನೆ ಮಗಳದು. ಬೈನಾಕ್ಯುಲರ್ ಯಾವುದು ತೆಗೆದುಕೊಳ್ಳಬೇಕು?

ಹಕ್ಕಿಗಣ್ಣು

ಅವಳಿಗೆ 8x32 ಅಂತ ಬರೆದಿರುವುದು, ಹಗುರ ಇರುತ್ತದೆ. ದೊಡ್ಡವರಿಗೆ 8x42. ಹತ್ತು ಪಟ್ಟು, ಹನ್ನೆರಡು ಪಟ್ಟು ದೊಡ್ಡದು ಮಾಡುವುದು ಬೇಡ, ದೋಣಿಯ ಮೇಲೆ ಕೈ ನಡುಗಿ ಏನೂ ಕಾಣಲ್ಲ. ನೀರು ತಡೆಯುವಂಥದ್ದು ಅಂತ ಬರೆದಿರಬೇಕು. ತಮ್ಮನಿಗೂ ಒಂದು ಅಗ್ಗದ್ದು ತೆಗೆದುಕೊಡಿ, ಇಲ್ಲದಿದ್ದರೆ ಸರಿಯಾಗಿ ಬಾಲ ಎತ್ತುವ ಹೊತ್ತಿಗೆ ಜಗಳ ಶುರುವಾಗುತ್ತದೆ. ಈಗಲೇ ತಂದು ಲೇಕ್ ವಾಷಿಂಗ್ಟನ್ ದಡದಲ್ಲಿ ಬಾತುಕೋಳಿ ನೋಡಿ ಅಭ್ಯಾಸ ಮಾಡಲಿ. ಕಣ್ಣು ಗುರಿಯ ಮೇಲೆ ಇಟ್ಟುಕೊಂಡೇ ಬೈನಾಕ್ಯುಲರ್ ಮೇಲೆತ್ತುವುದು ರೂಢಿಯಾಗಬೇಕು. ತಿಮಿಂಗಿಲ ಉಸಿರು ಬಿಟ್ಟ ಮೇಲೆ ಹುಡುಕಲು ಸಿಗುವುದು ಕೆಲವೇ ಕ್ಷಣ.